ಅಮ್ಮ ಎತ್ತ ನೋಡುತ್ತಿದ್ದಳು

ರಾಜೀವನಗರ, ಮೈಸೂರು
14 ಜುಲೈ 2024

ಅಣ್ಣ,

ನಿನ್ನ ಕಾಗದ ಬಂತು. ಮಠದಲ್ಲಿ ಕಲಿಯುವವರು ಫೋನ್ ಇಟ್ಟುಕೊಳ್ಳುವ ಹಾಗಿಲ್ಲ ಅಂತ ನಾಲ್ಕು ವರ್ಷದಿಂದ ನನಗೂ ಕಾಗದ ಬರೆಯುವ ಕಷ್ಟ. ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ಇಷ್ಟು ಬರೆದಿದ್ದರೆ ಮುಂದಕ್ಕೂ ಓದುತ್ತಿದ್ದೆನೇನೋ.

ಬರುವ ಮಾಘದಲ್ಲಿ ನಿನಗೆ ದೀಕ್ಷೆ ಕೊಡುತ್ತಾರೆ ಅನ್ನುವುದನ್ನು ಅಮ್ಮನಿಗೆ ಓದಿ ಹೇಳಿದೆ. ಹುರುಳಿಕಾಯಿ ನಾರು ತೆಗೆಯುತ್ತಿದ್ದಳು. ಒಳ್ಳೇದಾಯ್ತು ಅಂದಳು, ಇನ್ನೊಂದು ಕಾಯಿ ಎತ್ತಿಕೊಂಡಳು. ಅಷ್ಟೇ.

ಕೊನೆಯಲ್ಲಿ ನೀನು ಬರೆದಿದ್ದನ್ನು ಮಾತ್ರ ಓದಿ ಹೇಳಲಿಲ್ಲ. ದೀಕ್ಷೆ ಆದಮೇಲೆ ಈ ಮನೆ, ತಾಯಿ, ತಮ್ಮ ಯಾವುದೂ ನಿನ್ನದಲ್ಲ, ಅಮ್ಮನೇ ಬಂದು ನಿನ್ನ ಕಾಲಿಗೆ ಬೀಳಬೇಕು, ಅಷ್ಟರೊಳಗೆ ಅಮ್ಮನ ಒಂದು ಫೋಟೋ ಬೇಕು, ಫೋಟೋಗೆ ನಿಂತ ಮುಖ ಬೇಡ, ಅವಳ ಸ್ವಂತ ಮುಖ ಬೇಕು ಅಂತ. ಸರಿಯಾದವನನ್ನೇ ಕೇಳಿದ್ದೀಯ. ಹೆಬ್ಬಾಳದ ಫ್ಯಾಕ್ಟರಿಯಲ್ಲಿ ನನ್ನ ಜೊತೆ ಕೆಲಸ ಮಾಡುವ ಹುಡುಗನಿಂದ ಹಳೇ ಕ್ಯಾಮರಾ ಒಂದನ್ನು ಕೊಂಡುಕೊಂಡಿದ್ದೇನೆ. ಫ್ಯಾಕ್ಟರಿ ನನ್ನ ಐದನೇ ಕೆಲಸ, ಕ್ಯಾಮರಾ ಮೂರನೇ ಹುಚ್ಚು. ಹಾಗಂತ ಅಮ್ಮ ಲೆಕ್ಕ ಇಟ್ಟಿದ್ದಾಳೆ.

ನಿನ್ನೆ ಫೋಟೋ ತೆಗೀತೀನಿ ಅಂದಿದ್ದೇ ತಪ್ಪಾಯಿತು. ಒಳಗೆ ಹೋಗಿ ಮುಖ ತೊಳೆದು, ವಿಭೂತಿ ಹಚ್ಚಿ, ರೇಷ್ಮೆ ಸೀರೆ ಉಟ್ಟು, ಸೆರಗನ್ನು ತಲೆ ಮೇಲೆ ಎಳೆದುಕೊಂಡು ಗೋಡೆಗೆ ಒರಗಿ ನಿಂತಳು. ಈ ಬಾಡಿಗೆ ಮನೆ ಗೋಡೆಗೆ ಓನರ್ ಗಿಳಿ ಹಸಿರು ಬಣ್ಣ ಬಳಿಸಿದ್ದಾನೆ. ಆರು ಫೋಟೋ ಕಳಿಸಿದ್ದೇನೆ. ಗೋಡೆ ಚೆನ್ನಾಗಿ ಬಂದಿದೆ.

ನಿನ್ನ ತಮ್ಮ,
ಕಿರಣ

*

ಮಠ
3 ಆಗಸ್ಟ್ 2024

ಪ್ರೀತಿಯ ಕಿರಣ,

ಆರೂ ಫೋಟೋಗಳನ್ನು ನೋಡಿದೆ. ಆರರಲ್ಲೂ ಒಂದೇ ಮುಖ. ಈ ಮುಖ ನನಗೆ ಗೊತ್ತು. ನಾನು ಮನೆ ಬಿಟ್ಟ ದಿನ ಅಲ್ಲೇ ಮೈಸೂರಿನ ಅಗ್ರಹಾರದ ನಮ್ಮ ಹಳೇ ಮನೆಯ ಬಾಗಿಲಲ್ಲಿ ಅಮ್ಮ ಇದೇ ಮುಖ ಹೊತ್ತು ನಿಂತಿದ್ದಳು. ಅಳಲಿಲ್ಲ, ತಡೆಯಲಿಲ್ಲ. ಆಗಲಿ ಎಂದಳು. ಅಪ್ಪ ತೀರಿಕೊಂಡು ಆಗ ಎರಡು ವರ್ಷವೂ ಆಗಿರಲಿಲ್ಲ.

ಅವಳು ಮನಸಾರೆ ಕಳಿಸಿದಳೋ, ಮಗನ ಆಸೆಗೆ ಅಡ್ಡ ಬರಬಾರದೆಂದು ಕಳಿಸಿದಳೋ, ನನಗೆ ಇವತ್ತಿಗೂ ತಿಳಿದಿಲ್ಲ. ಕೇಳಿದರೆ ಸಂತೋಷ ಎನ್ನುತ್ತಾಳೆ. ಮಾಘದ ನಂತರ ಹಾಗೆ ಕೇಳುವ ಅಧಿಕಾರವೂ ನನಗಿರುವುದಿಲ್ಲ. ಫೋಟೋ ಕೇಳಿದ್ದು ಅದಕ್ಕೆ. ಯಾರೂ ನೋಡುತ್ತಿಲ್ಲ ಎಂದುಕೊಂಡಾಗ ಅವಳ ಮುಖ ಹೇಗಿರುತ್ತದೆ ಎಂದು ನೋಡಬೇಕು.

ನಿಧಾನವಾಗಿ ತೆಗೆ. ನಿಧಾನ ನಿನಗೆ ಕಷ್ಟ ಎಂದು ಬಲ್ಲೆ.

ಚಂದ್ರಮೌಳಿ

*

ರಾಜೀವನಗರ
22 ಸೆಪ್ಟೆಂಬರ್ 2024

ಅಣ್ಣ,

ಅಗ್ರಹಾರದಲ್ಲಿ ಅಪ್ಪನ ವಿಭೂತಿ ಅಂಗಡಿ ಇತ್ತಲ್ಲ, ಅದರ ಎದುರಿನ ಸ್ಟುಡಿಯೋ ಯೋಗೇಂದ್ರಣ್ಣ ನೆನಪಿದ್ದಾರಾ? ಈಗ ಅವರಿಗೆ ಪಾಸ್‌ಪೋರ್ಟ್ ಸೈಜ್ ಫೋಟೋ, ತೀರಿಕೊಂಡವರ ಫೋಟೋಗೆ ಕಟ್ಟು ಹಾಕುವುದು, ಇಷ್ಟೇ ಕೆಲಸ. ನನ್ನ ಫೋಟೋಗಳನ್ನು ತಗೊಂಡು ಹೋಗಿ ತೋರಿಸಿದೆ. ಬಾಗಿಲ ಸಂದಿಯಿಂದ, ಫ್ರಿಜ್ ಹಿಂದಿನಿಂದ, ಒಣಗಲು ಹಾಕಿದ ಪಂಚೆ ಮರೆಯಿಂದ ಕದ್ದು ತೆಗೆದಿದ್ದೆಲ್ಲ. ಎಲ್ಲದರಲ್ಲೂ ಅಮ್ಮ ಬೆಚ್ಚಿಬಿದ್ದಿದ್ದಾಳೆ.

ಯೋಗೇಂದ್ರಣ್ಣ ಕನ್ನಡಕ ತೆಗೆದು ಒರೆಸಿಕೊಂಡರು. "ನೀನು ಬೇಟೆಗೆ ಹೋದಂಗೆ ಹೋಗಿದ್ದೀಯ. ಅವ್ರು ಜಿಂಕೆ ಅಲ್ಲ ಕಣೋ, ನಿಮ್ಮಮ್ಮ."

ಆಮೇಲೆ ಒಂದೊಂದೇ ಹೇಳಿಕೊಟ್ಟರು. ಮೊದಲು ಬಣ್ಣ ತೆಗೆದುಬಿಡು, ಆ ಹಸಿರು ಗೋಡೆ ಮುಂದೆ ಯಾರ ಮುಖಕ್ಕೂ ಮಾತಾಡಲು ಅವಕಾಶವಿಲ್ಲ ಅಂದರು. ಅದೇ ಫೋಟೋವನ್ನು ಅವರ ಕಂಪ್ಯೂಟರಿನಲ್ಲಿ ಕಪ್ಪು ಬಿಳುಪು ಮಾಡಿ ತೋರಿಸಿದರು. ಗೋಡೆ ಹಿಂದಕ್ಕೆ ಸರಿಯಿತು, ಅಮ್ಮನ ಕೆನ್ನೆಯ ಗೆರೆಗಳು ಮುಂದಕ್ಕೆ ಬಂದವು. ಟ್ಯೂಬ್‌ಲೈಟ್ ಹಾಕಬೇಡ, ಕಿಟಕಿ ಬೆಳಕು ಒಂದೇ ಕಡೆಯಿಂದ ಬರಲಿ, ನಿಂತು ತೆಗೆಯಬೇಡ, ಅವರು ನೆಲದ ಮೇಲೆ ಕೂತಿದ್ದರೆ ನೀನೂ ನೆಲದ ಮೇಲೆ ಕೂರು, ಅವರ ಕಣ್ಣಿನ ಎತ್ತರಕ್ಕೆ ನಿನ್ನ ಕ್ಯಾಮರಾ ಇರಲಿ. ಇವೆಲ್ಲ ಸುಲಭ. ಕಷ್ಟದ್ದು ಕೊನೆಯದು. ಒಂದು ವಾರ ಕ್ಯಾಮರಾನ ತೊಡೆ ಮೇಲೆ ಇಟ್ಟುಕೊಂಡು ಅಮ್ಮನ ಪಕ್ಕ ಸುಮ್ಮನೆ ಕೂರಬೇಕು, ಒಂದು ಸಲವೂ ಒತ್ತಬಾರದು.

ನಾನು ಮನೆಯಲ್ಲಿ ಅರ್ಧ ಗಂಟೆ ಕೂತವನಲ್ಲ. ಎರಡನೇ ದಿನ ಕೈ ಸುಮ್ಮನಿರಲಾರದೆ ಬೆಳ್ಳುಳ್ಳಿ ಬಿಡಿಸಿಕೊಟ್ಟೆ. ಮೂರನೇ ದಿನ ಹಿಟ್ಟು ಜರಡಿ ಹಿಡಿದೆ. ನಾಲ್ಕನೇ ದಿನ ಅಮ್ಮ ನನ್ನನ್ನೇ ನೋಡಿ, "ಈ ಕೆಲ್ಸಾನೂ ಬುಟ್ಬುಟ್ಯಾ?" ಅಂದಳು. ಇಲ್ಲ ಅಂತ ಪ್ರಮಾಣ ಮಾಡಿದರೂ ನಂಬದೆ ನನ್ನ ಫ್ಯಾಕ್ಟರಿ ಗೇಟ್ ಪಾಸ್ ಇಸಕೊಂಡು ನೋಡಿದಳು.

ಆದರೆ ವಾರ ಕಳೆದ ಮೇಲೆ ಕ್ಯಾಮರಾ ಅವಳಿಗೆ ಒಂದು ಪಾತ್ರೆಯ ಹಾಗೆ ಆಗಿಹೋಯಿತು. ಈಗ ಒತ್ತಿದರೂ ತಿರುಗುವುದಿಲ್ಲ. ನಾಲ್ಕು ಕಳಿಸಿದ್ದೇನೆ. ತರಕಾರಿ ಗಾಡಿಯವನ ಹತ್ತಿರ ಜಗಳ ಆಡುತ್ತಿರುವುದು. ಟೀವಿ ಮುಂದೆ ಬಾಯಿ ತೆರೆದು ನಿದ್ದೆ ಮಾಡಿರುವುದು, ಇದನ್ನು ಕಳಿಸಿದ್ದು ಅವಳಿಗೆ ಗೊತ್ತಾದರೆ ನನಗೆ ಊಟ ಇಲ್ಲ. ಕುಂಡದ ಕರಿಬೇವಿನ ಗಿಡದ ಜೊತೆ ಮಾತಾಡುತ್ತಿರುವುದು. ದಿನಾ ಮಾತಾಡುತ್ತಾಳಂತೆ, ಇಪ್ಪತ್ಮೂರು ವರ್ಷ ಜೊತೆಗಿದ್ದವನಿಗೆ ಈಗ ಗೊತ್ತಾಯಿತು. ಇನ್ನೊಂದು ಬರೀ ಕೈ.

ಎಲ್ಲದರಲ್ಲೂ ಅಮ್ಮ ಇದ್ದಾಳೆ. ನೀನು ಕೇಳಿದ್ದು ಮಾತ್ರ ಇನ್ನೂ ಸಿಕ್ಕಿಲ್ಲ ಅನ್ನಿಸುತ್ತದೆ.

ಕಿರಣ

*

ರಾಜೀವನಗರ
20 ಅಕ್ಟೋಬರ್ 2024

ಅಣ್ಣ,

ಸಿಕ್ಕಿತು.

ರಾತ್ರಿ ಪಾಳಿ ಮುಗಿದರೆ ನಾನು ಟೀ ಅಂಗಡಿಯಲ್ಲಿ ಹರಟೆ ಹೊಡೆದು ಎಂಟಕ್ಕೆ ಮನೆ ಸೇರುವವನು. ಅಷ್ಟೊತ್ತಿಗೆ ಅಮ್ಮನ ಪೂಜೆ ಮುಗಿದಿರುತ್ತದೆ. ಗುರುವಾರ ಮೊದಲ ಬಸ್ಸಿಗೆ ಬಂದುಬಿಟ್ಟೆ. ಕಿಟಕಿ ಅರ್ಧ ತೆಗೆದಿತ್ತು. ಒಳಗೆ ಅಮ್ಮ ಮಣೆ ಮೇಲೆ ಕೂತು ಎಡಗೈಯಲ್ಲಿ ಲಿಂಗ ಇಟ್ಟುಕೊಂಡು ಪೂಜೆ ಮಾಡುತ್ತಿದ್ದಳು. ಬೆಳಕು ಅವಳ ಅರ್ಧ ಮುಖದ ಮೇಲೆ ಮಾತ್ರ ಬಿದ್ದಿತ್ತು. ತಲೆ ಮೇಲೆ ಸೆರಗಿರಲಿಲ್ಲ. ಯೋಗೇಂದ್ರಣ್ಣ ಹೇಳಿದ್ದೆಲ್ಲ ಮರೆತುಹೋಯಿತು, ಶಬ್ದ ಬರದ ಹಾಗೆ ಮಾಡಿ ಒಂದೇ ಒಂದು ಒತ್ತಿದೆ. ಫೋಟೋ ಬಂದಿದೆ.

ಯೋಗೇಂದ್ರಣ್ಣ ದೊಡ್ಡದಾಗಿ ಪ್ರಿಂಟ್ ಹಾಕಿಕೊಟ್ಟು ತುಂಬ ಹೊತ್ತು ನೋಡಿದರು. ಯಾರನ್ನು ಕೇಳಿ ತೆಗೆದೆ ಅಂತ ಮಾತ್ರ ಕೇಳಿದರು. ನನಗೆ ಬೇಜಾರಾಯಿತು. ಚೆನ್ನಾಗಿದೆ ಅಂತ ಹೇಳಬಹುದಿತ್ತು.

ಅಮ್ಮನಿಗೆ ಇನ್ನೂ ತೋರಿಸಿಲ್ಲ. ನೀನು ನೋಡಿ ಹೇಳು.

ಕಿರಣ

*

ಮಠ
2 ನವೆಂಬರ್ 2024

ಪ್ರೀತಿಯ ಕಿರಣ,

ಫೋಟೋ ವಾಪಸ್ ಕಳಿಸುತ್ತಿದ್ದೇನೆ. ಇಷ್ಟು ಒಳ್ಳೆಯ ಫೋಟೋವನ್ನು ನೀನು ತೆಗೆಯಬಲ್ಲೆ ಎಂದು ನಾನು ಎಣಿಸಿರಲಿಲ್ಲ. ಆದರೆ ಇದು ನನ್ನಲ್ಲಿ ಇರಬಾರದು.

ಅಂಗೈ ಮೇಲಿನ ಲಿಂಗವನ್ನು ಅಪ್ಪ ಅಮ್ಮ ಒಬ್ಬರಿಗೊಬ್ಬರು ಕೂಡ ತೋರಿಸಿಕೊಂಡವರಲ್ಲ. ಪೂಜೆಗೆ ಕೂತರೆ ನಾವಿಬ್ಬರೂ ಮುಖ ತಿರುಗಿಸಿ ಕೂರಬೇಕಿತ್ತು, ನೆನಪಿದೆಯೇ? ನೀನು ಐದಾರು ವರ್ಷದಿಂದ ಪೂಜೆ ಬಿಟ್ಟಿದ್ದೀಯ, ಅದಕ್ಕೆ ಕೈ ತಡೆಯಲಿಲ್ಲ. ಬೈಯುತ್ತಿಲ್ಲ. ಫೋಟೋ ಅಮ್ಮನಿಗೆ ಕೊಟ್ಟು ತಪ್ಪಾಯಿತು ಎನ್ನು.

ಇನ್ನೊಂದು ವಿಷಯ. ಅದನ್ನು ಹೇಗೆ ಬರೆಯುವುದೋ ತಿಳಿಯದೆ ನಾಲ್ಕು ದಿನ ಸುಮ್ಮನಿದ್ದೆ. ಪೂಜೆಯಲ್ಲಿ ಕಣ್ಣು ಅಂಗೈ ಬಿಟ್ಟು ಆಚೆ ಹೋಗಬಾರದೆಂದು ನಮಗೆ ಕಲಿಸಿದವಳು ಅಮ್ಮ. ಈ ಫೋಟೋದಲ್ಲಿ ಅವಳ ಕಣ್ಣು ಅಂಗೈ ಮೇಲಿಲ್ಲ. ಫೋಟೋದ ಎಡ ಅಂಚಿನ ಕಡೆಗೆ ಏನನ್ನೋ ನೋಡುತ್ತಿದ್ದಾಳೆ. ಫೋಟೋ ಅಲ್ಲಿಗೆ ಮುಗಿದುಹೋಗಿದೆ, ಅಲ್ಲೇನಿದೆ ಎಂದು ಕಾಣುವುದಿಲ್ಲ. ಅಮ್ಮನಿಗೆ ಅಂಥ ಮುಖ ಇದೆಯೆಂದು ನನಗೆ ಗೊತ್ತಿರಲಿಲ್ಲ.

ದೀಕ್ಷೆಯನ್ನು ಮುಂದಕ್ಕೆ ಹಾಕಿ ಎಂದು ಹಿರಿಯ ಸ್ವಾಮಿಗಳನ್ನು ಕೇಳಬೇಕೆಂದಿದ್ದೇನೆ. ಅಮ್ಮ ಏನು ನೋಡುತ್ತಿದ್ದಳೆಂದು ಅವಳನ್ನೇ ಕೇಳಿ ಬರೆ.

ಚಂದ್ರಮೌಳಿ

*

ಮೈಸೂರು
12-11-2024

ಚಿ. ಮೌಳಿಗೆ ಅಮ್ಮನ ಆಶೀರ್ವಾದಗಳು.

ನಾವು ಕ್ಷೇಮ. ಕಿರಣ ಫೋಟೋ ಕೊಟ್ಟು ಕಾಲಿಗೆ ಬಿದ್ದ. ಎರಡು ದಿನ ಮಾತು ಬಿಟ್ಟೆ, ಮೂರನೇ ದಿನ ಅವನೇ ಅಕ್ಕಿ ರೊಟ್ಟಿ ತಟ್ಟೋಕೆ ಹೋಗಿ ಕೈ ಸುಟ್ಟುಕೊಂಡ, ಬುಡು ಅಂತ ಮಾತಾಡಿಸಿದೆ.

ನಾನು ಎಲ್ಲಿ ನೋಡುತ್ತಿದ್ದೆ ಅಂತ ಕೇಳಿದ್ದೀಯಂತೆ. ಅವತ್ತು ಒಲೆ ಮೇಲೆ ಹಾಲಿಟ್ಟು ಪೂಜೆಗೆ ಕೂತುಬಿಟ್ಟಿದ್ದೆ ಕಣಪ್ಪ. ಉಕ್ಕಿತೇನೋ ಅಂತ ಆ ಕಡೆ ನೋಡಿದೆ. ಅಷ್ಟೇ. ಪೂಜೆಯಲ್ಲಿ ಹಾಲಿನ ಯೋಚನೆ ಮಾಡಿದ್ದು ನನ್ನ ತಪ್ಪು, ಅದನ್ನ ನಾನೂ ಶಿವನೂ ನೋಡಿಕೊಳ್ಳುತ್ತೇವೆ. ಇಷ್ಟಕ್ಕೆ ನೀನು ದಿನ ಮುಂದಕ್ಕೆ ಹಾಕಬೇಡ. ಹೊತ್ತಿಗೆ ಸರಿಯಾಗಿ ಊಟ ಮಾಡು. ಚಳಿ ಶುರುವಾಗಿದೆ, ಕಿವಿ ಮುಚ್ಚಿಕೋ.

ಇಂತಿ,
ಪ್ರೇಮಲೀಲಾ

*

ಮಠ
25 ನವೆಂಬರ್ 2024

ಕಿರಣ,

ಅಮ್ಮನ ಕಾಗದ ಬಂತು. ಅಗ್ರಹಾರದ ಮನೆಯಾಗಿದ್ದರೆ ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದೆ. ನಾನು ಬಂದ ಮೇಲೆ ನೀವು ಹಿಡಿದ ಈ ಬಾಡಿಗೆ ಮನೆಯನ್ನು ನಾನು ನೋಡಿಯೇ ಇಲ್ಲ. ಆದ್ದರಿಂದ ನಿನ್ನನ್ನು ಒಂದೇ ಒಂದು ಕೇಳುತ್ತೇನೆ.

ನೀನು ಫೋಟೋ ತೆಗೆದ ಕಿಟಕಿಯ ಹತ್ತಿರ ನಿಂತು ನೋಡಿದರೆ, ಒಲೆ ಎಡಗಡೆ ಇದೆಯೋ ಬಲಗಡೆಯೋ?

ಎಡಗಡೆ ಇದ್ದರೆ ಮಾಘದಲ್ಲಿ ದೀಕ್ಷೆ. ಇಲ್ಲದಿದ್ದರೆ ನಾನು ಮನೆಗೆ ಬರುತ್ತೇನೆ. ನಿಜ ಬರೆ.

ಚಂದ್ರಮೌಳಿ

*

ರಾಜೀವನಗರ
15 ಡಿಸೆಂಬರ್ 2024

ಅಣ್ಣ,

ಒಂದು ವಾರ ನಿನ್ನ ಕಾಗದವನ್ನು ಜೇಬಲ್ಲಿ ಇಟ್ಟುಕೊಂಡು ಫ್ಯಾಕ್ಟರಿಗೆ ಹೋಗಿ ಬಂದೆ. ಎರಡು ಕಾರ್ಡ್ ಬರೆದೆ. ಒಂದರಲ್ಲಿ ಎಡಗಡೆ ಅಂತ, ಇನ್ನೊಂದರಲ್ಲಿ ಬಲಗಡೆ ಅಂತ. ಎರಡನ್ನೂ ಪೋಸ್ಟ್ ಡಬ್ಬದವರೆಗೆ ತಗೊಂಡು ಹೋಗಿ ವಾಪಸ್ ತಂದೆ.

ನಿಜ ಬರೆ ಅಂದಿದ್ದೀಯ. ನನ್ನ ನಿಜ ಮೊದಲು ಕೇಳು. ನೀನು ಬರಬೇಕು ಅಂತ ನನಗೆ ಆಸೆ. ನಿನಗೋಸ್ಕರ ಅಲ್ಲ. ನೀನು ಮನೆಯಲ್ಲಿದ್ದರೆ ನಾನು ಎಲ್ಲಾದರೂ ಹೋಗಬಹುದು. ಅಮ್ಮನನ್ನು ಬಿಟ್ಟು ಒಬ್ಬ ಆಗಲೇ ಹೋಗಿರುವುದರಿಂದ ನಾನು ಈ ಊರಲ್ಲೇ ಸುತ್ತುತ್ತಿದ್ದೇನೆ, ಒಂದು ಕೆಲಸದಿಂದ ಇನ್ನೊಂದಕ್ಕೆ. ಆ ಫೋಟೋ ತೆಗೆಯುವಾಗ ಅವಳ ಕಣ್ಣು ಎತ್ತ ಇದೆ ಅಂತ ನನಗೆ ಕಂಡಿತ್ತು. ಗೊತ್ತಿದ್ದೇ ನಿನಗೆ ಕಳಿಸಿದೆ.

ಅಲ್ಲಿ ಏನಿದೆ ಅಂತಲೂ ಅವತ್ತೇ ನೋಡಿದೆ. ಅಮ್ಮ ಪೂಜೆಗೆ ಕೂರುವಾಗ ಎರಡು ಮಣೆ ಹಾಕುತ್ತಾಳೆ ಅಣ್ಣ. ಒಂದು ಅವಳದು, ಪಕ್ಕದಲ್ಲಿ ಇನ್ನೊಂದು ಖಾಲಿ. ನೀನು ಕೂರುತ್ತಿದ್ದೆಯಲ್ಲ, ಮೂಲೆ ಸೀಳಿರುವ ಹಲಸಿನ ಮಣೆ, ಅದು. ಪೂಜೆ ಮುಗಿದಮೇಲೆ ಎರಡನ್ನೂ ಎತ್ತಿಡುತ್ತಾಳೆ, ಅದಕ್ಕೇ ಎಂಟು ಗಂಟೆಗೆ ಬರುವ ನನಗೆ ಇಷ್ಟು ದಿನ ಗೊತ್ತಾಗಿರಲಿಲ್ಲ. ಮೊದಲು ನೋಡಿದಾಗ ನನಗೆ ಹಾಕಿದ್ದು ಅಂದುಕೊಂಡೆ. ನಾನು ಎಂದಾದರೂ ಬಂದು ಕೂರಲಿ ಅಂತ. ಆಮೇಲೆ ಸೀಳಿದ ಮೂಲೆ ಕಾಣಿಸಿತು.

ಕೊನೆಗೆ ಕಳೆದ ಭಾನುವಾರ ನಿನ್ನ ಕಾಗದವನ್ನು ಅಮ್ಮನ ಕೈಗೇ ಕೊಟ್ಟೆ. ಓದಿ ಮಡಿಸಿ ಇಟ್ಟಳು. ಅಡಿಗೆಮನೆಗೆ ಹೋದಳು, ಬಂದಳು. ನಾನು ಕೇಳಿದೆ, ಅವನು ಹೊರಟ ದಿನ ನೀನು ಯಾಕೆ ಅಳಲಿಲ್ಲ ಅಂತ.

"ನಾನು ಬಾಗಿಲಲ್ಲಿ ನಿಂತ್ಕೊಂಡು ಅತ್ತಿದ್ರೆ ಅವನು ಹೊಸ್ತಿಲು ದಾಟ್ತಿದ್ನಾ?"

ಬೆಳ್ಳುಳ್ಳಿ ಬುಟ್ಟಿ ತಂದು ಇಬ್ಬರ ಮಧ್ಯೆ ಇಟ್ಟಳು. ನಾಲ್ಕು ಗಡ್ಡೆ ಬಿಡಿಸಿದ ಮೇಲೆ ತಲೆ ಎತ್ತದೆ ಹೇಳಿದಳು.

"ಒಲೆ ಬಲಗಡೆ ಅದೆ ಅಂತಾನೇ ಬರಿ. ಅವನು ಹೋಗ್ಲಿ ಕಣೋ, ನಾನು ಬ್ಯಾಡ ಅನ್ನಲ್ಲ. ಆದ್ರೆ ನಮ್ಮಮ್ಮ ಕಲ್ಲು ಅಂತ ತಿಳ್ಕೊಂಡು ಹೋಗೋದು ಬ್ಯಾಡ."

ಆಮೇಲೆ ಕ್ಯಾಮರಾ ತಗೊಂಡು ಬಾ ಅಂತ ಅವಳೇ ಹೇಳಿದಳು.

ಟ್ಯೂಬ್‌ಲೈಟ್ ಆರಿಸಿದೆ. ಅಮ್ಮ ಎರಡೂ ಮಣೆ ಹಾಕಿ ತನ್ನದರ ಮೇಲೆ ಕೂತಳು. ಲಿಂಗ ಕರಡಿಗೆಯೊಳಗೆ ಕೊರಳಲ್ಲೇ ಇತ್ತು. ಮನೆಯಲ್ಲಿ ಉಡುವ ನೂಲಿನ ಸೀರೆ, ಬೆರಳಲ್ಲಿ ಬೆಳ್ಳುಳ್ಳಿ ಸಿಪ್ಪೆ. ನಾನು ಎದುರಿಗೆ ನೆಲದ ಮೇಲೆ ಕೂತೆ. ಸೆರಗಿಗೆ ಕೈ ಹೋಯಿತು, ಆದರೆ ಎಳೆದುಕೊಳ್ಳಲಿಲ್ಲ. ಕ್ಯಾಮರಾನ ನೇರವಾಗಿ ನೋಡಿದಳು. ನೋಡಿದ್ದು ನನ್ನನ್ನಲ್ಲ, ಅದು ನನಗೂ ಗೊತ್ತಾಯಿತು, ಬೇಜಾರಾಗಲಿಲ್ಲ. ಅವಳು ಎಷ್ಟು ಹೊತ್ತು ನೋಡುತ್ತಾಳೋ ಅಷ್ಟು ಹೊತ್ತು ಬಿಟ್ಟು ಒಂದು ಸಲ ಒತ್ತಿದೆ.

ಇದರ ಜೊತೆ ಅದನ್ನು ಇಟ್ಟಿದ್ದೇನೆ. ಯಾರೂ ನೋಡುತ್ತಿಲ್ಲ ಅಂದುಕೊಂಡಾಗಿನ ಮುಖ ಇದಲ್ಲ. ನೀನು ನೋಡುತ್ತೀಯ ಅಂತ ಗೊತ್ತಿದ್ದು ಕೂತ ಮುಖ. ಖಾಲಿ ಮಣೆಯೂ ಬಂದಿದೆ.

ಒಲೆ ಬಲಗಡೆ ಇದೆ ಅಣ್ಣ.

ಕಿರಣ

*

ಮಠ
4 ಜನವರಿ 2025

ಪ್ರೀತಿಯ ಕಿರಣ,

ಒಲೆ ಬಲಗಡೆ ಇದ್ದರೆ ಮನೆಗೆ ಬರುತ್ತೇನೆಂದು ಬರೆದಿದ್ದೆ. ಫೋಟೋ ನೋಡಿದ ದಿನ ಚೀಲವನ್ನೂ ತುಂಬಿದ್ದೆ. ಹಿರಿಯ ಸ್ವಾಮಿಗಳಿಗೆ ಹೇಳಲು ಹೋದಾಗ ಅವರು ಫೋಟೋ ಇಸಕೊಂಡು ನೋಡಿ, ಇವರು ನಿನ್ನನ್ನು ಕರೆಯುತ್ತಿದ್ದಾರೋ ಕಳಿಸುತ್ತಿದ್ದಾರೋ ಎಂದು ಕೇಳಿದರು. ರಾತ್ರಿಗಳನ್ನು ಲೆಕ್ಕವಿಡದೆ ಆ ಮುಖವನ್ನೇ ನೋಡಿದೆ. ಎರಡೂ ಎಂದು ತಿಳಿಯಲು ನನಗೆ ಇಷ್ಟು ದಿನ ಬೇಕಾಯಿತು.

ಅಮ್ಮ ನೋವನ್ನು ಮುಚ್ಚಿಟ್ಟು ಕೊಟ್ಟಿದ್ದನ್ನು ನಾನು ತೆಗೆದುಕೊಳ್ಳಲಾರದೆ ಒದ್ದಾಡುತ್ತಿದ್ದೆ. ತೋರಿಸಿ ಕೊಟ್ಟಿದ್ದಾಳೆ. ಈಗ ತೆಗೆದುಕೊಳ್ಳಬಲ್ಲೆ. ಚೀಲ ಬಿಚ್ಚಿದೆ. ದೀಕ್ಷೆ ಫೆಬ್ರವರಿ ಹತ್ತನೇ ತಾರೀಕು.

ಫೋಟೋ ಆ ದಿನದವರೆಗೆ ನನ್ನ ಹತ್ತಿರ ಇರುತ್ತದೆ. ಆಮೇಲೆ ನಿನಗೆ ಸೇರುತ್ತದೆ. ಅಮ್ಮನನ್ನು ಹೆಂಗಸರ ಸಾಲಿನಲ್ಲಿ ಮುಂದೆ ಕೂರಿಸು. ಕ್ಯಾಮರಾ ತಾ.

ಇನ್ನು ನೀನು ಹೋಗಬೇಕಾದಲ್ಲಿಗೆ ಹೋಗು. ಹೋಗುವ ಮೊದಲು ಅಮ್ಮನಿಗೆ ಹೇಳಿ ಹೋಗು, ಅವಳ ಮುಖ ನೋಡಿಕೊಂಡು. ನಾನು ಬೆನ್ನು ಹಾಕಿ ಬೇಗ ಬೇಗ ನಡೆದುಬಿಟ್ಟೆ.

ನಿನ್ನ ಅಣ್ಣ,
ಮೌಳಿ

*

ರಾಜೀವನಗರ, ಮೈಸೂರು
23 ಫೆಬ್ರವರಿ 2025

ಪೂಜ್ಯ ಸ್ವಾಮಿಗಳಿಗೆ ಶಿವಕಿರಣನ ಶರಣು.

ನೀನು ಅಂತ ಬರೆದು ಎರಡು ಹಾಳೆ ಹರಿದೆ. ತಾವು ಅಂತ ಬರೆಯುವುದು ರೂಢಿಯಾಗುವವರೆಗೆ ತಪ್ಪು ಇದ್ದರೆ ಕ್ಷಮಿಸಬೇಕು.

ಮಠದಿಂದ ಫೋಟೋ ವಾಪಸ್ ಬಂತು. ಅಂಚು ಮಾಸಿದೆ. ಅಮ್ಮ ಅದನ್ನು ಕಟ್ಟು ಹಾಕಿಸುವುದು ಬೇಡ ಅಂದಳು, ಟ್ರಂಕಿನಲ್ಲಿ ಸೀರೆಗಳ ನಡುವೆ ಇಟ್ಟಳು.

ದೀಕ್ಷೆಯ ದಿನ ಅಮ್ಮ ಬಂದು ತಮ್ಮ ಕಾಲಿಗೆ ಬಿದ್ದಾಗ ನಾನು ಫೋಟೋ ತೆಗೆಯಲಿಲ್ಲ. ಮಠದ ಫೋಟೋಗ್ರಾಫರ್ ನನ್ನ ಮುಂದೆ ಬಂದುಬಿಟ್ಟಿದ್ದ, ಅವನ ಬೆನ್ನು ಮಾತ್ರ ಕಾಣುತ್ತಿತ್ತು. ನಾನು ತೆಗೆದಿದ್ದು ಅದಕ್ಕೆ ಸ್ವಲ್ಪ ಮೊದಲು, ತಾವು ಲಿಂಗ ಹಿಡಿದು ಕೂತಿದ್ದಾಗ. ಈ ಸಲ ಲಿಂಗ ಹಿಡಿದ ಕೈ ಬಿಟ್ಟು ಮುಖ ಮಾತ್ರ ತೆಗೆದೆ.

ಮರುದಿನ ಬೆಳಿಗ್ಗೆ ಅಮ್ಮ ಎರಡು ಮಣೆ ಹಾಕಿದಳು. ಇನ್ನು ಯಾರಿಗೆ ಅಂತ ನಾನು ಕೇಳಲಿಲ್ಲ. ಸ್ನಾನ ಮಾಡಿ ಬಂದು ಕೂತೆ. ಪೂಜೆ ಮರೆತುಹೋಗಿದೆ, ಸುಮ್ಮನೆ ಕೂತಿದ್ದೆ. ಸೀಳಿದ ಮೂಲೆ ತೊಡೆಗೆ ಚುಚ್ಚುತ್ತದೆ, ಇದನ್ನು ತಾವು ಯಾವತ್ತೂ ಹೇಳಿರಲಿಲ್ಲ.

ಎಲ್ಲಿಗೆ ಹೋಗಬೇಕು ಅಂತ ಇನ್ನೂ ಗೊತ್ತಾಗಿಲ್ಲ. ಸಂಜೆ ಹೊತ್ತು ಸ್ಟುಡಿಯೋಗೆ ಬಂದು ಕೂರು ಅಂತ ಯೋಗೇಂದ್ರಣ್ಣ ಹೇಳಿದ್ದಾರೆ. ಸದ್ಯಕ್ಕೆ ಅಗ್ರಹಾರದವರೆಗೆ ಹೋಗಿ ಬರುತ್ತಿದ್ದೇನೆ.

ತಮ್ಮ ಫೋಟೋವನ್ನು ಕಪ್ಪು ಬಿಳುಪಿನಲ್ಲಿ ಪ್ರಿಂಟ್ ಹಾಕಿಸಿ ನಿನ್ನೆ ಅಮ್ಮನಿಗೆ ಕೊಟ್ಟೆ. ಕಿಟಕಿ ಹತ್ತಿರ ತಗೊಂಡು ಹೋಗಿ ನೋಡಿದಳು. ಸ್ವಾಮಿಗಳ ಕಣ್ಣು ಅಂಗೈ ಮೇಲಿಲ್ಲ. ಹೆಂಗಸರ ಸಾಲಿನ ಕಡೆ ಇದೆ. ಅಮ್ಮ ತುಂಬ ಹೊತ್ತು ನೋಡಿ, ಸೆರಗಿನಿಂದ ಫೋಟೋ ಮೇಲಿನ ಧೂಳು ಒರೆಸಿದಳು. ಧೂಳೇನೂ ಇರಲಿಲ್ಲ.

"ಮಠದ ಅಡಿಗೆಮನೆ ಆ ಕಡೆ ಇರ್ಬೇಕು ಬುಡು," ಅಂದಳು. "ಹಾಲಿಟ್ಟಿದ್ರೇನೋ."

ಶರಣುಗಳೊಂದಿಗೆ,
ಶಿವಕಿರಣ